ಸರ್ ಅವರ ಪಾಸ್‌ವರ್ಡು

ನಾಡಿದ್ದು ನ್ಯಾಕ್ ಟೀಮ್ ಬರ್ತದ, ಜಗದೇವಿ,
ನಂದೂ ನೀನೇ ಮುಗಿಸಿಬಿಡು ಜರಾ, ಅಂದರು ಸರ್.
ಚೀಟಿಯಲ್ಲಿ ಪಾಸ್‌ವರ್ಡು:
ಮಗಳ ಹೆಸರು, ಅವಳು ಹುಟ್ಟಿದ ಇಸವಿ.
ನನಗಿಂತ ಎರಡು ವರ್ಷ ಚಿಕ್ಕವಳು.

ಲ್ಯಾಬಿನಲ್ಲಿ ಕರೆಂಟಿದೆ, ಫ್ಯಾನಿಲ್ಲ.
ಕಲಬುರಗಿಯ ಮೇ ತಿಂಗಳು
ಕಿಟಕಿಯ ಸರಳು ಮುಟ್ಟಗೊಡದು.
ಜಾಡಿಗಳಲ್ಲಿ ಕಾಯಿಕೊರಕ ಹುಳುಗಳು
ತೊಗರಿಕಾಯಿಯೊಳಗೆ ತಲೆ ತೂರಿಸಿ
ಅರ್ಧ ಮೈ ಹೊರಗಿಟ್ಟು ಉಣ್ಣುತ್ತಿವೆ.

ನನ್ನದು ನಿನ್ನೆಯೇ ಮುಗಿದಿತ್ತು, ನೂರಕ್ಕೆ ನೂರು.
ಸರ್ಟಿಫಿಕೇಟಿನಲ್ಲಿ ಮಾತ್ರ ನಾನು ಜಗದೇವ.

ಈಗ ಸರ್ ಹೆಸರಲ್ಲಿ ಒಳಹೊಕ್ಕೆ.
ಸ್ವಾಗತ, ಪ್ರೊಫೆಸರ್, ಅಂದಿತು ಪರದೆ.
ಅದೇ ಚಿತ್ರದ ಹುಡುಗಿ, ಕೆಂಪು ಕೋಟು,
ಬೆವರೇ ಇಲ್ಲದ ಕುತ್ತಿಗೆ.
ಅದೇ ಗಾಜಿನ ಕೋಣೆ, ಮೇಜಿನಾಚೆ ಅದೇ ಮೇಷ್ಟ್ರು.
ಅವಳ ಕಥೆಯಲ್ಲಿ ಜೀಪಿಲ್ಲ,
ಚಿತ್ತಾಪುರದ ಹೊಲದಿಂದ ಹೊಳ್ಳಿ ಬರುವ ಸಂಜೆಯಿಲ್ಲ.

ಮೊದಲ ಪ್ರಶ್ನೆ:
ಪಾಠದ ನಡುವೆ ಎರಡರ್ಥದ ಮಾತು ಬರೀ ತಮಾಷೆಯೇ?
ಉತ್ತರ ನನ್ನ ಬೆರಳಿಗೆ ಬಾಯಿಪಾಠ.
ಆದರೆ ಇಲ್ಲಿ ಕೂತವಳು ನಾನಲ್ಲವಲ್ಲ.
ನೆನಪಾಯಿತು,
ಗಂಡು ಪತಂಗ ಬಂದು ಬೀಳುವ ಆ ಪ್ಲಾಸ್ಟಿಕ್ ಚೀಲದ ಹೆಸರು,
ಲಿಂಗಾಕರ್ಷಕ ಬಲೆ,
ಅದನ್ನು ಬದುವಿನ ಮೇಲೆ ನಿಂತು ಸರ್
ನನ್ನ ಕಡೆಗೇ ನೋಡುತ್ತ
ಎಷ್ಟು ಉದ್ದಕ್ಕೆ ಎಳೆದಿದ್ದರು ಅಂತ.
ಕಳೆ ತೆಗೆಯಲು ಬಂದ ಹೆಂಗಸರು ಬಾಯಿಗೆ ಸೆರಗಿಟ್ಟರು,
ನಗಲಿಕ್ಕೋ, ನನ್ನ ಸಲುವಾಗಿಯೋ.
ನಾನು ಲೆಕ್ಕ ತಪ್ಪಿ
ಹನ್ನೊಂದು ಪತಂಗವನ್ನು ಹದಿನೇಳೆಂದು ಬರೆದೆ.
ಹೌದು, ತಮಾಷೆ. ಒತ್ತಿದೆ.

ಪ್ರಯಾಣದಲ್ಲಿ ಜೊತೆಗಿರುವವರಿಂದ ಅಂತರ ಕಾಯುತ್ತೀರಾ?
ಇದನ್ನು ಲಾಲಪ್ಪನಿಗೆ ಕೇಳಬೇಕು.
ಮೂರು ತಿಂಗಳು ಕನ್ನಡಿಯಲ್ಲಿ ನೋಡಿ ನೋಡಿ
ಒಂದು ಮುಂಜಾನೆ, ಹಿಂದಿನ ಸೀಟಿನ ನಟ್ಟನಡುವೆ
ಐವತ್ತು ಕೇಜಿ ತೊಗರಿ ಚೀಲ ತಂದು ಕೂರಿಸಿದ.
ಇದ್ಯಾಕೋ? ಅಂದರು ಸರ್.
ಸ್ಯಾಂಪಲ್ ಅದರೀ ಸಾಹೇಬ್ರ.
ಆ ಚೀಲ ಇವತ್ತಿಗೂ ಇಳಿದಿಲ್ಲ.
ಇಲ್ಲ. ಒತ್ತಿದೆ.

ದೂರು ಕೊಟ್ಟವರ ಸಂಶೋಧನೆಗೆ ಧಕ್ಕೆ ಬರಬಾರದು.
ಸರಿಯೋ, ತಪ್ಪೋ?
ಕಪಾಟಿನ ಮೂರನೇ ಹಲಗೆಯಲ್ಲಿ ತಹ್ಸೀನಳ ವಹಿ.
ದುಂಡನೆಯ ಅಕ್ಷರ, ದಿನಕ್ಕೆರಡು ಸಲ ಉಷ್ಣಾಂಶ,
ಫೆಬ್ರವರಿ ಒಂಬತ್ತರ ತನಕ.
ಹತ್ತನೇ ತಾರೀಖಿಗೆ ಗೆರೆ ಎಳೆದಿದೆ, ಅಂಕಿ ಇಲ್ಲ.
ಮದುವೆ ಆಯಿತಂತ ಬಿಟ್ಟಳು, ಅನ್ನುತ್ತಾರೆ ಡಿಪಾರ್ಟ್‌ಮೆಂಟಿನಲ್ಲಿ.
ಮೊನ್ನೆ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದಳು,
ಟ್ಯೂಷನ್ ಹೇಳುತ್ತಾಳಂತೆ.
ಮದುವಿ? ಯಾರದು? ಅಂದಳು.

ಉಳಿದ ಹದಿನೇಳಕ್ಕೆ ತಡಕಾಡಬೇಕಾಗಲಿಲ್ಲ.
ನಾಲ್ಕು ವರ್ಷ ಕೈಕೆಳಗಿದ್ದೇನೆ, ಗುರುಗಳ ಮನಸ್ಸು ಬಲ್ಲೆ.
ಫೀಸು ಕಟ್ಟಲಾಗದ ಹುಡುಗನಿಗೆ ಜೇಬಿನಿಂದ ಕೊಟ್ಟವರು,
ಅದನ್ನೂ ಬರೆಯುತ್ತಿದ್ದೆ.
ಆ ಪ್ರಶ್ನೆ ಇರಲಿಲ್ಲ.

ಇಪ್ಪತ್ತೈದು ಅಂಕ. ಅನುತ್ತೀರ್ಣ.
ಮತ್ತೆ ಪ್ರಯತ್ನಿಸಿ, ಅನ್ನುವ ಹಸಿರು ಗುಂಡಿ.
ಅದರ ಮೇಲೆ ಬಾಣದ ಗುರುತು ಬಹಳ ಹೊತ್ತು ನಿಂತಿತ್ತು.
ನನ್ನ ಕೊನೆಯ ಅಧ್ಯಾಯಕ್ಕೆ ಇನ್ನೂ ಅವರ ಸಹಿ ಬೀಳಬೇಕು.

ಫೋನು.
ಆಯ್ತೇನು?
ಆಯ್ತು ಸರ್.
ಎಷ್ಟು ಬಂತು?

ಜಾಡಿಯಲ್ಲೊಂದು ಹುಳು
ಒಂದು ಕಾಯಿ ಮುಗಿಸಿ ಇನ್ನೊಂದಕ್ಕೆ ಹೊರಟಿತ್ತು.
ಕೆಳಗೆ ಲಾಲಪ್ಪ ಜೀಪಿಗೆ ನೀರು ಗೊಜ್ಜುವ ಸಪ್ಪಳ.

ಫೇಲ್ ಆಗೀರಿ ಸರ್, ಅಂದೆ.
ನೀವು ಹೆಂಗ ಅದೀರೋ
ಹಂಗೇ ಬರ್ದೀನಿ.