ಮಡಿಕೆಯ ಒಳಗಿನ ಕೆಂಪು

ನಾಪೋಕ್ಲಿನಿಂದ ಎರಡು ಬಸ್ಸು ಬದಲಿಸಿ ಬಂದಳು ಮುತ್ತವ್ವ,
ತಮ್ಮನ ಮದುವೆಗೆ ಚೇಲೆ ಬೇಕೆಂದು.
ಕೈಯಲ್ಲಿ ಬಿಸ್ಕತ್ತಿನ ಡಬ್ಬ, ಡಬ್ಬದಲ್ಲಿ
ಅಜ್ಜ ನಡುವಿಗೆ ಬಿಗಿಯುತ್ತಿದ್ದ ಚೇಲೆ, ಅರ್ಧ ನುಸಿಯ ಪಾಲು.
"ಇದರ ಹಾಗೆಯೇ ಆಗಬೇಕು."

ಆಗಲಿ ಎಂದೆ. ಅನ್ನುವುದಕ್ಕೇನು.
ಶಿರಂಗಾಲದ ಈ ಕುಣಿಮಗ್ಗಕ್ಕೆ ಇಳಿಬಿಟ್ಟ ಕಾಲು
ಅಷ್ಟು ಬೇಗ ಯಾವುದಕ್ಕೂ ಹೂಂ ಅನ್ನುವುದಿಲ್ಲ.

ಮೊದಲು ಎಣಿಕೆ.
ಕನ್ನಡಕದ ಮುಂದೆ ಭೂತಗನ್ನಡಿ, ಬೆರಳಲ್ಲಿ ಸೂಜಿ.
ಇಂಚಿಗೆ ಎಷ್ಟೆಳೆ? ಅರವತ್ತೆಂಟು. ಇನ್ನೊಮ್ಮೆ: ಎಪ್ಪತ್ತು.
ನಡುವೆ ಹಾಲಿನವನು ಕೂಗಿದ; ಮತ್ತೆ ಮೊದಲಿನಿಂದ.
ಮಗನ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಗೆ ಬರೆದುಕೊಂಡೆ:
ಬಟ್ಟೆ ಐದು ಮೊಳ, ಕುಚ್ಚಿಗೆ ಆಚೆಗೊಂದು ಗೇಣು ಈಚೆಗೊಂದು,
ಮಗ್ಗ ನುಂಗುವುದು ಒಂದೂವರೆ ಮೊಳ,
ನೀರು ನುಂಗುವುದು ಎಷ್ಟೋ,
ಅದನ್ನು ನೀರೇ ಹೇಳಬೇಕು.

ಅದಕ್ಕೇ ಮಾದರಿ. ಗೇಣು ಅಗಲ, ಗೇಣು ಉದ್ದ,
ಯಾರೂ ಉಡದ, ಯಾರೂ ಬೆಲೆ ಕೇಳದ ಬಟ್ಟೆ.
ಮೊದಲನೆಯದು ಹಪ್ಪಳದ ಹಾಗೆ ಸೆಟೆದು ನಿಂತಿತು;
ಹಣಿಗೆ ಬದಲಿಸಿದೆ.
ಎರಡನೆಯದರಲ್ಲಿ ಗಂಟು ನಿಲ್ಲದು,
ಸಾಲಗಾರನ ಮಾತಿನಂತೆ ಜಾರುತ್ತದೆ.
ಮೂರನೆಯದು ಕೈಗೆ ಸರಿಬಂತು. ಹೊಳೆಗೆ ಒಯ್ದು ಅದ್ದಿದೆ.
ಕಾವೇರಿ ಒಂದು ಬೆರಳು ಬಟ್ಟೆ ಕಿತ್ತುಕೊಂಡಳು,
ನನ್ನ ಬಿಳಿ ಸೆರಗಿಗೆ ಕೆಂಪು ಬಳಿದು ಕಳಿಸಿದಳು.
ಬರೆದೆ: ಬಣ್ಣಕ್ಕೆ ಇನ್ನೊಂದು ಕುದಿ.

ಕುದಿ ಸರಿ, ಕೆಂಪು ಯಾವುದು?
ಅಜ್ಜನದು ಕಣದಲ್ಲಿ ಒಣಗಿದ ಕಾಫಿಹಣ್ಣಿನ ಸಿಪ್ಪೆ;
ಕೆಂಪೆಂದರೆ ಕೆಂಪು, ಕಂದೆಂದರೆ ಕಂದು.
ಎಂಟು ಚೂರು, ಎಂಟು ಚೀಟಿ, ಏಳು ತಪ್ಪು.
ಎಂಟನೆಯದನ್ನು ಪಕ್ಕಕ್ಕಿಟ್ಟರೆ
ಯಾವುದು ಹೊಸದು ಎಂದು ನನಗೇ ಗೊಂದಲ.
ಗೆದ್ದೆ ಅಂದುಕೊಂಡೆ.

ಕುಚ್ಚಿನ ಎಳೆ ಲೆಕ್ಕ ಮಾಡಲೆಂದು
ಅಂಟಿಕೊಂಡಿದ್ದ ಮಡಿಕೆ ಬಿಡಿಸುವಾಗ,
ಪೀಚೆಕತ್ತಿ ಸಿಕ್ಕಿಸುತ್ತಿದ್ದ ಜಾಗದ ಅಡಿಯಲ್ಲಿ,
ಎಂದೂ ಬಿಸಿಲು ಕಾಣದ ಎರಡು ಬೆರಳಷ್ಟು:
ಈಗಷ್ಟೇ ಗಿಡದಿಂದ ಕೊಯ್ದ ಹಣ್ಣು.

ಇನ್ನೊಂದು ಚೂರು ನೇಯ್ದೆ. ಒಂಬತ್ತನೆಯ ಚೀಟಿ.

ಮುತ್ತವ್ವ ಬಂದವಳು ಎಂಟನೆಯದನ್ನು ಕೆನ್ನೆಗೊತ್ತಿ
"ಅಜ್ಜನೇ" ಎಂದಳು.
ಮಡಿಕೆ ತೋರಿಸಿದೆ. ಬಹಳ ಹೊತ್ತು ನೋಡಿದಳು.
"ಇದನ್ನು ನಾನು ಕಂಡೇ ಇಲ್ಲ."
ಚಹಾ ಆರಿತು. ಎರಡನ್ನೂ ಡಬ್ಬಕ್ಕೆ ಹಾಕಿಕೊಂಡು
ಕೊನೆಯ ಬಸ್ಸಿಗೆ ಹೊರಟಳು,
ಚಪ್ಪಲಿ ಮೆಟ್ಟುತ್ತ ಚಿಲ್ಲರೆ ಇದೆಯಾ ಅಂತ ಕೇಳಿ.

ಬುಧವಾರ ಫೋನು:
"ಹುಡುಗಿಗೇ ತೋರಿಸಿದೆ ಅಕ್ಕಾ.
ಎರಡರಲ್ಲಿ ಯಾವುದು ಮಾಸೋದು ಅಂತ ಕೇಳಿದಳು.
ಅದೇ ಇರಲಿ ಅಂದಳು."

ಪುಸ್ತಕ ತೆಗೆದು ಒಂಬತ್ತಕ್ಕೆ ಗುರುತು ಹಾಕಿದೆ.
ಮಗ್ಗ ನುಂಗುವುದು, ನೀರು ನುಂಗುವುದು,
ಅದರ ಕೆಳಗೆ ಹೊಸ ಸಾಲು: ಬಿಸಿಲು ನುಂಗುವುದು.
ಮುಂದಿನ ಜಾಗ ಖಾಲಿ ಬಿಟ್ಟು
ಬಣ್ಣದ ಹಂಡೆಯ ಒಲೆಗೆ ಬೆಂಕಿ ಹಾಕಿದೆ.