ಚಾದರದ ಅಂಚು

ಸೋಮವಾರ, ಹೋಟೆಲಿಗೆ ರಜೆ.
ಮಾಟುಂಗದ ಫೈವ್ ಗಾರ್ಡನ್ಸಿನಲ್ಲಿ
ಜಲಜಕ್ಕ ಚಾದರ ಹಾಸಿದಳು.
ಒಂಬತ್ತು ಜನ, ಎರಡು ಡಬ್ಬಿ ನೀರುದೋಸೆ,
ಕಾಯಿಬೆಲ್ಲ, ಮುಚ್ಚಳ ಸೋರುವ ಫ್ಲಾಸ್ಕಿನಲ್ಲಿ ಚಹಾ.

ಇಷ್ಟು ಬಯಲಿದ್ದೂ ನಾವು
ಕೂತದ್ದು ಖೋಲಿಯಲ್ಲಿ ಕೂರುವ ಹಾಗೆಯೇ:
ಮಂಡಿ ಮಡಚಿ, ಭುಜಕ್ಕೆ ಭುಜ ತಾಗಿಸಿ,
ಮೋರಿಗೆ ಹೋಗುವವರಿಗೆಂದು ನಡುವೆ
ಗೇಣಗಲ ದಾರಿ ಬಿಟ್ಟು.

ಕೂಸಪ್ಪಣ್ಣ ಮಾತ್ರ ಕೂರಲೊಲ್ಲ.
ಎಡಗೈ ಮೇಲೆ ನಾಲ್ಕು ಪ್ಲೇಟು ಸಾಲಾಗಿ ಹೊತ್ತು
‘ಮತ್ತೇನು ಬೇಕು?’ ಅನ್ನುತ್ತಾನೆ,
ಅಭ್ಯಾಸಬಲ,
ಪಕ್ಕದ ಮರದ ಕಡೆಗೂ ತಿರುಗಿ.

ಅಷ್ಟರಲ್ಲಿ ಶಮಿತ, ಎರಡು ವರ್ಷದ ಪೋರಿ,
ಅಂಚು ದಾಟಿದಳು.
‘ಹೊರಗೆ ಹೋಗಬೇಡ!’
ಎಲ್ಲರೂ ಒಟ್ಟಿಗೆ ಕೂಗಿ
ಒಟ್ಟಿಗೇ ಸುಮ್ಮನಾದೆವು.

ಆಗಲೇ ಹುಲ್ಲಿನ ಮೇಲೆ ಬೋರಲು ಬಿದ್ದಿದ್ದಳು ಅವಳು.

ಅತ್ತಿಗೆ ಮೆಲ್ಲನೆ ಸೆರಗು ಸರಿಪಡಿಸಿ
ಒಂದು ಕಾಲು ಚಾಚಿದಳು,
ಆಚೀಚೆ ನೋಡಿ
ಇನ್ನೊಂದನ್ನೂ.