ಹೊದಿಕೆ

ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಚ್ಚಿ—
ಲಿಸ್ಬನ್ನಿನ ಹುಡುಗಿ ಫೋನಿನಲ್ಲಿ ಹೇಳಿದಂತೆ
ಎತೆಲ್ವೀನಾ ನಾಲ್ಕು ಸಲ ಎಣಿಸಿದ್ದಳು.
ಆಮೇಲೆ ನಾನು ಬಂದೆ, ಪೀಕೊ ದ್ವೀಪದ ಆ ತುದಿಯಿಂದ,
ಏಣಿಯನ್ನು ವ್ಯಾನಿನ ಮೇಲೇ ಬಿಟ್ಟು.

ಗಾಜಿನ ಕಪಾಟು. ಪಿಂಗಾಣಿ ಹುಂಜದ ಪಕ್ಕ
ದಪ್ಪ ಉಣ್ಣೆಯ ಹೊದಿಕೆಯೊಳಗೆ ರೂಟರು,
ಜ್ವರದ ಕೂಸಿನ ಹಣೆಯಂತೆ ಬಿಸಿ.
"ಇದೇ ನೋಡಿ ಕಾರಣ. ಉಸಿರಾಡಲಿ ಬಿಡಿ."
"ಬರಿಮೈಯಲ್ಲೇ? ನಾಲ್ಕು ಜನ ಬಂದುಹೋಗೋ ಮನೆ!"
ಆದರೂ ತೆಗೆದಳು. ಹಸಿರು ದೀಪ ಬಂತು.
ಕಾಫಿ ಕೊಟ್ಟಳು, ಒಂದು ಉಂಡೆ ಚೀಸು ಕೊಟ್ಟಳು.

ಎಂಟೇ ದಿನ. ಮತ್ತೆ ಕರೆ:
ಟೊರಾಂಟೊದ ತಂಗಿ ಇಸ್ಪೀಟಿನ ಎಲೆ ಎತ್ತಿದ್ದಾಳೆ,
ಎತ್ತಿದ ಕೈ ಇಳಿಯುತ್ತಿಲ್ಲ.

ಹೋದೆ. ಹೊಸದೊಂದು ಹೊದಿಕೆ ಹೆಣೆದಿದ್ದಳು,
ಮೀನುಬಲೆಯಷ್ಟು ದೊಡ್ಡ ಕಣ್ಣು.
"ಈಗ ಗಾಳಿಯಾಡುತ್ತೆ ತಾನೆ?"

ಏಣಿ ಇಳಿಸಿದೆ.
ಕಂಬದ ಮೇಲೆ, ಮೂರು ವರ್ಷದ ಹಿಂದೆ
ನಾನೇ ಹಾಕಿದ ಗಂಟು;
ಕಡಲಗಾಳಿಯ ಉಪ್ಪು ತಿಂದ ತಾಮ್ರ,
ಅದೂ ಹಸಿರೇ.
ಕತ್ತರಿಸಿದೆ, ಕೂಡಿಸಿದೆ, ಸಂದಿಗೆ ಮೇಣ ಮೆತ್ತಿದೆ.

"ಏನಾಗಿತ್ತೋ ನೇಲಿಯೊ?" ಕೆಳಗಿಂದ ಕೂಗಿದಳು.
"ಈಗ ಸರಿಹೋಯ್ತು" ಅಂದೆ.
ಹೊದಿಕೆಯ ಮಾತು ಎತ್ತಲಿಲ್ಲ.

ಎರಡನೆಯ ಚೀಸಿನುಂಡೆ
ಇಳಿಜಾರಿನುದ್ದಕ್ಕೂ, ಪಕ್ಕದ ಸೀಟಿನಲ್ಲಿ,
ಉರುಳಾಡುತ್ತಲೇ ಬಂತು.